ನಿಮ್ಮ ಹಾಡನ್ನು ಇತರ ಗಿಟಾರ್ ವಾದಕರ ಕೈಗೆ ಒಪ್ಪಿಸುವ ಬಗೆ

ತಾವೇ ಕಟ್ಟಿದ ಹಾಡನ್ನು ಕೇಳುಗರಿಗೆ ಕೇಳಿಸುವುದು ಒಂದು ಕೆಲಸ. ಅದನ್ನು ಅಕೌಸ್ಟಿಕ್ ಗಿಟಾರ್ ನುಡಿಸುವ ಇನ್ನೊಬ್ಬರ ಕೈಗೆ ಕೊಡುವುದು ಬೇರೆಯದೇ ಕೆಲಸ. ಕೇಳುಗರಿಗೆ ಒಂದು ಒಳ್ಳೆಯ ಧ್ವನಿಮುದ್ರಿಕೆ ಸಾಕು. ವಾದಕರು ಮಾತ್ರ ಎರಡನೆಯ ಸಲ ಕೇಳುವಷ್ಟರಲ್ಲಿ ಗಿಟಾರ್ ಎತ್ತಿಕೊಂಡಿರುತ್ತಾರೆ. ಶ್ರುತಿ ಯಾವುದು, ಕೇಪೋ (ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಹಿಡಿದು ಸ್ವರವನ್ನು ಏರಿಸುವ ಹಿಡಿಕೆ) ಎಲ್ಲಿದೆ, ಬಲಗೈ ಏನು ಮಾಡುತ್ತಿದೆ, ಪಲ್ಲವಿಯ ಮೂರನೆಯ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಯಾವುದು ಎಂದು ಅವರ ಬೆರಳುಗಳು ಹುಡುಕತೊಡಗುತ್ತವೆ. ಈ ಹುಡುಕಾಟಕ್ಕೆ ಉತ್ತರ ಸಿಗುವ ಹಾಗೆ ಹಾಡನ್ನು ಸಿದ್ಧಪಡಿಸಿ ಕೊಟ್ಟರೆ ಅದನ್ನು ನುಡಿಸುತ್ತಾರೆ. ಇಲ್ಲವಾದರೆ ಚೆನ್ನಾಗಿದೆ ಎಂದು ಹೇಳಿ ಸುಮ್ಮನಾಗುತ್ತಾರೆ.

ಆದ್ದರಿಂದ ಹಾಡನ್ನು ಯಾವ ಉದ್ದೇಶಕ್ಕಾಗಿ ಕೊಡುತ್ತಿದ್ದೇನೆ ಎಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳಬೇಕು. ಸಾಹಿತ್ಯ ಮತ್ತು ಮಟ್ಟಿನ ಬಗ್ಗೆ ಅಭಿಪ್ರಾಯ ಬೇಕೆ, ಅವರು ಅದನ್ನು ಕಲಿತು ತಮ್ಮ ಕಾರ್ಯಕ್ರಮದಲ್ಲಿ ಹಾಡಬೇಕೆ, ಅಥವಾ ನಿಮ್ಮ ಗಿಟಾರ್‌ನ ಮೇಲೆ ಅವರದೊಂದು ಭಾಗವನ್ನು ಸೇರಿಸಿ ಕಳುಹಿಸಬೇಕೆ? ಅಭಿಪ್ರಾಯಕ್ಕಾದರೆ ಫೋನಿನಲ್ಲಿ ಮುದ್ರಿಸಿದ ಒರಟು ಪ್ರತಿ ಮತ್ತು ಸಾಹಿತ್ಯದ ಹಾಳೆ ಸಾಕು; ನನ್ನ ಮಟ್ಟಿಗೆ ಅಂಥ ಒರಟು ಪ್ರತಿಯೇ ಹೆಚ್ಚು ಉಪಯುಕ್ತ, ಏಕೆಂದರೆ ನಯಗೊಳಿಸಿದ ಧ್ವನಿಮುದ್ರಿಕೆ ಕೇಳಿದವರು ಕೆಲಸ ಮುಗಿದಿದೆ ಎಂದು ಭಾವಿಸಿ ಹೊಗಳಿಕೆಗಷ್ಟೇ ನಿಲ್ಲುತ್ತಾರೆ. ಕಲಿಯಬೇಕಾದವರಿಗೆ ಕಾರ್ಡ್‌ಗಳ ಹಾಳೆ ಅತ್ಯಗತ್ಯ. ಸೇರಿಸಿ ನುಡಿಸಬೇಕಾದವರಿಗೆ ಒಂದೇ ವೇಗದಲ್ಲಿ ಪೆಟ್ಟು ಕೊಡುವ ಮೆಟ್ರೋನೋಮ್‌ಗೆ ಹೊಂದಿಸಿ ಮುದ್ರಿಸಿದ ಶುದ್ಧ ಫೈಲ್ ಬೇಕು. ಹಾಡಿನ ಜೊತೆಗೆ ಇದನ್ನು ಒಂದೇ ಸಾಲಿನಲ್ಲಿ ತಿಳಿಸಿಬಿಟ್ಟರೆ ಪಡೆದವರಿಗೆ ಗೊಂದಲವಿರುವುದಿಲ್ಲ.

ಹಾಡು ಮೊದಲಿನಿಂದ ಕೊನೆಯವರೆಗೆ ನಿಲ್ಲದೆ ನುಡಿಸುವ ಸ್ಥಿತಿಗೆ ಬಂದಿರಬೇಕು. ಮುಕ್ತಾಯದ ವಿಷಯದಲ್ಲಿ ಬಹಳಷ್ಟು ಮಂದಿ ಉದಾಸೀನ ತೋರುತ್ತಾರೆ. ಸ್ಟುಡಿಯೋದಲ್ಲಿ ಧ್ವನಿಯನ್ನು ನಿಧಾನವಾಗಿ ತಗ್ಗಿಸಿ ಹಾಡನ್ನು ಮುಗಿಸಬಹುದು, ಆದರೆ ಮೂರು ನಾಲ್ಕು ಗಿಟಾರ್‌ಗಳು ಒಟ್ಟಿಗೆ ನುಡಿಯುತ್ತಿರುವಾಗ ಅದು ನಡೆಯದು. ಕೊನೆಯ ಸಾಲನ್ನು ಎಷ್ಟು ಸಲ ಹೇಳಬೇಕು, ಯಾವ ಕಾರ್ಡ್‌ನಲ್ಲಿ ನಿಲ್ಲಬೇಕು ಎಂಬುದು ಮೊದಲೇ ಗೊತ್ತಿರಬೇಕು. ಮಟ್ಟು ನಿಜಕ್ಕೂ ನಿಮ್ಮದೇ ಹೌದೇ ಎಂಬುದನ್ನೂ ಒಮ್ಮೆ ಪರೀಕ್ಷಿಸಿಕೊಳ್ಳಿ. ಗಿಟಾರ್ ಇಲ್ಲದೆ ಬರಿಯ ರಾಗವನ್ನು, ಸಂಗೀತವನ್ನು ಹೆಚ್ಚಾಗಿ ಕೇಳುವ ಇಬ್ಬರು ಮೂವರ ಮುಂದೆ ಗುನುಗಿದರೆ, ಎಲ್ಲೋ ಕೇಳಿ ಮರೆತ ಧಾಟಿ ಅದರಲ್ಲಿ ನುಸುಳಿದ್ದರೆ ಅವರಲ್ಲೊಬ್ಬರು ಹಿಡಿದುಬಿಡುತ್ತಾರೆ. ಕಾರ್ಡ್‌ಗಳ ಸರಣಿ ಬೇರೆ ಹಾಡಿನಂತೆಯೇ ಇದೆ ಎಂಬ ಅಳುಕು ಬೇಡ. ಜಿ, ಇ ಮೈನರ್, ಸಿ, ಡಿ ಎಂಬ ಸರಣಿಯ ಮೇಲೆ ಲೆಕ್ಕವಿಲ್ಲದಷ್ಟು ಹಾಡುಗಳು ನಿಂತಿವೆ.

ಕಾರ್ಡ್‌ಗಳ ಹಾಳೆ

ನನ್ನ ದೃಷ್ಟಿಯಲ್ಲಿ ಧ್ವನಿಮುದ್ರಿಕೆಗಿಂತ ಹೆಚ್ಚಿನ ಶ್ರಮ ಸಲ್ಲಬೇಕಾದದ್ದು ಈ ಹಾಳೆಗೆ. ಅದರ ತಲೆಭಾಗದಲ್ಲಿ ಹಾಡಿನ ಹೆಸರು, ರಚಿಸಿದವರ ಹೆಸರು, ದಿನಾಂಕ, ಗಿಟಾರ್‌ನ ಶ್ರುತಿ, ಕೇಪೋ ಇರುವ ಫ್ರೆಟ್ (ಕುತ್ತಿಗೆಯ ಮೇಲಿನ ಅಡ್ಡಪಟ್ಟಿಗಳಿಂದಾಗುವ ಮನೆ), ತಾಳ ಮತ್ತು ವೇಗ ಇರಬೇಕು. ವೇಗವನ್ನು ಮಧ್ಯಮ, ನಿಧಾನ ಎಂದು ಬರೆದರೆ ಒಬ್ಬೊಬ್ಬರೂ ಒಂದೊಂದು ರೀತಿ ಅರ್ಥಮಾಡಿಕೊಳ್ಳುತ್ತಾರೆ. ನಿಮಿಷಕ್ಕೆ 92 ಪೆಟ್ಟು ಎಂದು ಅಂಕಿಯಲ್ಲೇ ಬರೆಯಿರಿ. ತಾಳವನ್ನು ಬರೆಯುವಾಗ 3/4 ಮತ್ತು 6/8 ಎರಡರ ನಡುವಿನ ವ್ಯತ್ಯಾಸದ ಬಗ್ಗೆ ಎಚ್ಚರವಿರಲಿ. ಎರಡರಲ್ಲೂ ಆರು ಎಂಟನೆಯ ಭಾಗದ ಸ್ವರಗಳು ಹಿಡಿಯುತ್ತವೆ, ಆದರೆ ಮೊದಲನೆಯದರಲ್ಲಿ ಅವು ಎರಡೆರಡರ ಮೂರು ಗುಂಪುಗಳಾಗಿ ಕೇಳಿಸಿದರೆ, ಎರಡನೆಯದರಲ್ಲಿ ಮೂರು ಮೂರರ ಎರಡು ಗುಂಪುಗಳಾಗಿ ತೂಗುತ್ತವೆ, ಮತ್ತು ಬಲಗೈಯ ಒತ್ತು ಬೀಳುವ ಜಾಗವೇ ಬದಲಾಗುತ್ತದೆ.

ಅತಿ ಹೆಚ್ಚು ಗೊಂದಲ ಹುಟ್ಟುವುದು ಕೇಪೋ ವಿಷಯದಲ್ಲಿ. ಎರಡನೆಯ ಫ್ರೆಟ್‌ನಲ್ಲಿ ಕೇಪೋ ಹಾಕಿ ಜಿ ಕಾರ್ಡ್‌ನ ಆಕಾರವನ್ನು ಹಿಡಿದರೆ ಕಿವಿಗೆ ಕೇಳಿಸುವುದು ಎ. ಹಾಳೆಯಲ್ಲಿ ಜಿ ಎಂದು ಬರೆದು ಕೇಪೋ ಮಾತನ್ನು ಬಿಟ್ಟರೆ, ಅದನ್ನು ನೋಡಿ ನುಡಿಸುವವರು ನಿಮ್ಮ ಧ್ವನಿಮುದ್ರಿಕೆಗಿಂತ ಒಂದು ಪೂರ್ಣ ಸ್ವರ ಕೆಳಗಿರುತ್ತಾರೆ. ಆಕಾರವನ್ನೇ ಬರೆಯುವುದು ಗಿಟಾರ್ ವಾದಕರಿಗೆ ಅನುಕೂಲ. ಆದರೆ ತಲೆಭಾಗದಲ್ಲಿ "ಕೇಪೋ 2, ಆಕಾರ ಜಿ, ಕೇಳಿಸುವುದು ಎ" ಎಂದು ಸ್ಪಷ್ಟಪಡಿಸಬೇಕು. ಪಿಟೀಲು ಅಥವಾ ಕೀಬೋರ್ಡ್ ನುಡಿಸುವವರು ಜೊತೆಗೂಡಿದಾಗ ಅವರಿಗೆ ಬೇಕಾಗುವುದು ಆ ಕೊನೆಯ ಮಾತೇ.

ಸಾಮಾನ್ಯ ಶ್ರುತಿಯನ್ನು ಬಿಟ್ಟು ಬೇರೆ ಶ್ರುತಿಯಲ್ಲಿ ಹಾಡನ್ನು ಕಟ್ಟಿದ್ದರೆ, ದಪ್ಪ ತಂತಿಯಿಂದ ತೆಳು ತಂತಿಯ ಕಡೆಗೆ ಆರು ಸ್ವರಗಳನ್ನೂ ಬರೆಯಿರಿ. ಡಿ-ಎ-ಡಿ-ಜಿ-ಎ-ಡಿ ಎಂದು ಬರೆದರಷ್ಟೇ ಸಾಲದು, 6, 2 ಮತ್ತು 1ನೆಯ ತಂತಿಗಳನ್ನು (ಅತಿ ದಪ್ಪದ್ದು 6, ಅತಿ ತೆಳುವಾದದ್ದು 1) ಒಂದೊಂದು ಪೂರ್ಣ ಸ್ವರ ಇಳಿಸಬೇಕು ಎಂಬ ಒಂದು ವಾಕ್ಯವನ್ನೂ ಸೇರಿಸಿದರೆ ಆ ಶ್ರುತಿಯನ್ನು ಹಿಂದೆಂದೂ ಕಟ್ಟದವರೂ ಧೈರ್ಯ ಮಾಡುತ್ತಾರೆ. ಇಂಥ ಶ್ರುತಿಯಲ್ಲಿ ಕಾರ್ಡ್‌ನ ಹೆಸರು ಹೆಚ್ಚು ಸಹಾಯ ಮಾಡುವುದಿಲ್ಲವಾದ್ದರಿಂದ ಪ್ರತಿ ಕಾರ್ಡ್‌ಗೂ ಬೆರಳಿಡುವ ಚಿತ್ರ ಕಡ್ಡಾಯ. ಇಡೀ ಗಿಟಾರನ್ನೇ ಅರ್ಧ ಸ್ವರ ಇಳಿಸಿಕೊಂಡು ಹಾಡುವ ರೂಢಿ ನಿಮಗಿದ್ದರೆ ಅದನ್ನೂ ನಮೂದಿಸಿ. ಹಾಗಿಲ್ಲದಿದ್ದರೆ ಎ ಸ್ವರವನ್ನು 440 ಹರ್ಟ್ಸ್‌ಗೆ ಹೊಂದಿಸಿದ್ದೀರಿ ಎಂದೇ ಎಲ್ಲರೂ ತಿಳಿಯುತ್ತಾರೆ.

ಸಾಹಿತ್ಯದ ಮೇಲೆ ಕಾರ್ಡ್‌ಗಳನ್ನು ಬರೆಯುವಾಗ, ಕಾರ್ಡ್ ಬದಲಾಗುವ ಅಕ್ಷರದ ನೇರಕ್ಕೇ ಅದರ ಹೆಸರು ಬರಬೇಕು. "ಮಳೆ ನಿಂತ ಮೇಲೂ ಹನಿಯುವ ಮರದಡಿ" ಎಂಬ ಸಾಲನ್ನು ತೆಗೆದುಕೊಳ್ಳಿ. ಇದನ್ನು ಹಾಡುವಾಗ "ಮಳೆ" ಎಂಬ ಮಾತು ತಾಳದ ಮೊದಲ ಪೆಟ್ಟಿಗೆ ಮುಂಚೆಯೇ ಬಂದು, ಪೆಟ್ಟು "ನಿಂತ" ಎಂಬುದರ ಮೊದಲ ಅಕ್ಷರದ ಮೇಲೆ ಬೀಳುವಂತಿದ್ದರೆ, ಜಿ ಎಂಬ ಗುರುತು ಸಾಲಿನ ಆರಂಭದಲ್ಲಿರದೆ "ನಿಂ" ಎಂಬಲ್ಲಿಯೇ ಇರಬೇಕು. ಸಾಲಿನ ಆರಂಭಕ್ಕೆ ಅದನ್ನು ತಳ್ಳಿಬಿಟ್ಟರೆ ಹಾಳೆ ನೋಡಿ ನುಡಿಸುವವರು ಪ್ರತಿ ಚರಣದಲ್ಲೂ ಎರಡು ಅಕ್ಷರ ಮುಂಚಿತವಾಗಿ ಕಾರ್ಡ್ ಬದಲಿಸುತ್ತಾರೆ, ಮತ್ತು ತಪ್ಪು ಎಲ್ಲಿದೆಯೆಂದು ಯಾರಿಗೂ ಹೊಳೆಯುವುದಿಲ್ಲ. ಒಂದೊಂದು ಕಾರ್ಡ್ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ತೋರಿಸಲು ಪ್ರತ್ಯೇಕವಾಗಿ ಒಂದು ಸಾಲಿನಲ್ಲಿ ಆವರ್ತಗಳನ್ನು (ತಾಳದ ಒಂದೊಂದು ಸುತ್ತನ್ನು) ಗೆರೆ ಎಳೆದು ಬರೆಯುವುದು ಒಳ್ಳೆಯ ಪದ್ಧತಿ:

| ಜಿ | ಇ ಮೈನರ್ | ಸಿ | ಸಿ – ಡಿ |

ಕೊನೆಯ ಆವರ್ತದಲ್ಲಿ ಎರಡೆರಡು ಪೆಟ್ಟಿಗೆ ಒಂದೊಂದು ಕಾರ್ಡ್ ಎಂಬುದು ಇದರಿಂದ ನೋಡಿದ ಕೂಡಲೇ ತಿಳಿಯುತ್ತದೆ. ಇದರ ಕೆಳಗೆ 1, 6 ಮೈನರ್, 4, 4–5 ಎಂದು ಸ್ವರಸ್ಥಾನದ ಅಂಕಿಗಳನ್ನೂ ಬರೆದಿಟ್ಟರೆ, ಬೇರೆ ಶ್ರುತಿಯಲ್ಲಿ, ಅಂದರೆ ಜಿ ಬದಲು ಇನ್ನೊಂದು ಸ್ವರವನ್ನು 1 ಎಂದು ಹಿಡಿದು, ಹಾಡಬೇಕಾದವರು ಲೆಕ್ಕ ಹಾಕುತ್ತ ಕೂರಬೇಕಾಗಿಲ್ಲ.

ಸ್ಟ್ರಮ್ಮಿಂಗ್ ಮಾದರಿಯನ್ನು, ಅಂದರೆ ತಂತಿಗಳನ್ನು ಒಟ್ಟಿಗೆ ಸವರಿ ನುಡಿಸುವ ಬಗೆಯನ್ನು, ಕೆಳಮುಖ ಮತ್ತು ಮೇಲ್ಮುಖ ಬಾಣದ ಗುರುತುಗಳಿಂದ ಒಮ್ಮೆ ತೋರಿಸಿದರೆ ಮುಗಿಯಿತು. ಪ್ರತಿ ಸಾಲಿಗೂ ಅದನ್ನು ಬರೆದು ಹಾಳೆಯನ್ನು ತುಂಬಿಸಬೇಡಿ. ಬೆರಳಿನಿಂದ ಮೀಟುವ ಹಾಡಾದರೆ ಹೆಚ್ಚಿನ ವಿವರ ಬೇಕು. ಬಲಗೈಯ ಬೆರಳುಗಳಿಗೆ ಸ್ಪ್ಯಾನಿಶ್ ಹೆಸರುಗಳ ಮೊದಲಕ್ಷರಗಳು ಎಲ್ಲೆಡೆ ಬಳಕೆಯಲ್ಲಿವೆ: ಹೆಬ್ಬೆರಳು ಪಿ, ತೋರುಬೆರಳು ಐ, ಮಧ್ಯದ ಬೆರಳು ಎಮ್, ಉಂಗುರದ ಬೆರಳು ಎ. ಜಿ ಕಾರ್ಡ್‌ನಲ್ಲಿ ಹೆಬ್ಬೆರಳಿನಿಂದ 6ನೆಯ ತಂತಿ, ತೋರುಬೆರಳಿನಿಂದ 3, ಮತ್ತೆ ಹೆಬ್ಬೆರಳಿನಿಂದ 4, ಮಧ್ಯದ ಬೆರಳಿನಿಂದ 2 ಎಂದು ಒಂದು ಸುತ್ತನ್ನು ವಿವರಿಸಿ, ಡಿ ಕಾರ್ಡ್ ಬಂದಾಗ ಹೆಬ್ಬೆರಳು 4ನೆಯ ತಂತಿಯಿಂದ ಆರಂಭಿಸುತ್ತದೆ ಎಂಬಂಥ ಬದಲಾವಣೆಗಳನ್ನು ಮಾತ್ರ ಪಕ್ಕದಲ್ಲಿ ಗುರುತಿಸಿದರೆ ಉಳಿದದ್ದನ್ನು ಅವರೇ ಊಹಿಸಿಕೊಳ್ಳುತ್ತಾರೆ.

ಆರಂಭದ ವಾದನ ಅಥವಾ ನಡುವಿನ ತುಣುಕುಗಳಿಗೆ ಟ್ಯಾಬ್, ಅಂದರೆ ಯಾವ ತಂತಿಯನ್ನು ಯಾವ ಫ್ರೆಟ್ಟಿನಲ್ಲಿ ಒತ್ತಬೇಕೆಂದು ಅಂಕಿಗಳಲ್ಲಿ ತೋರಿಸುವ ಬರಹ, ಬೇಕಾಗುತ್ತದೆ. ಟ್ಯಾಬ್‌ನ ಆರು ಗೆರೆಗಳಲ್ಲಿ ಮೇಲಿನದು ತೆಳು ತಂತಿ, ಕೆಳಗಿನದು ದಪ್ಪ ತಂತಿ. ಗಿಟಾರನ್ನು ತೊಡೆಯ ಮೇಲಿಟ್ಟು ಬಗ್ಗಿ ನೋಡುವಾಗ ದಪ್ಪ ತಂತಿಯೇ ಹತ್ತಿರವಿರುವುದರಿಂದ ಹೊಸಬರು ಇದನ್ನು ತಲೆಕೆಳಗು ಮಾಡಿ ಬರೆದುಬಿಡುವುದುಂಟು. ಕೇಪೋ ಇದ್ದರೆ ಅಂಕಿಗಳನ್ನು ಕೇಪೋದಿಂದ ಎಣಿಸುವುದು ರೂಢಿ, ಅಂದರೆ ಸೊನ್ನೆ ಎಂದರೆ ಕೇಪೋ ಒತ್ತಿ ಹಿಡಿದಿರುವ ತೆರೆದ ತಂತಿ. ಬರಿಯ ಅಕ್ಷರಗಳಿಂದ ಟೈಪ್ ಮಾಡಿದ ಟ್ಯಾಬ್‌ನಲ್ಲಿ ಸ್ವರಗಳ ಕಾಲಾವಧಿ ತಿಳಿಯುವುದಿಲ್ಲ ಎಂಬುದು ಅದರ ದೊಡ್ಡ ಕೊರತೆ. ಜೊತೆಗೆ ಎಲ್ಲ ಅಕ್ಷರಗಳೂ ಒಂದೇ ಅಗಲವಿರುವ ಫಾಂಟ್ ಇಲ್ಲದಿದ್ದರೆ ಗೆರೆಗಳು ಓದುವವರ ಪರದೆಯ ಮೇಲೆ ಸೊಟ್ಟಗಾಗುತ್ತವೆ. ಉಚಿತವಾಗಿ ಸಿಗುವ ಮ್ಯೂಸ್‌ಸ್ಕೋರ್ ಅಥವಾ ಟಕ್ಸ್‌ಗಿಟಾರ್‌ನಂಥ ತಂತ್ರಾಂಶದಲ್ಲಿ ಬರೆದು ಪಿಡಿಎಫ್ ಮಾಡಿ ಕೊಡುವುದು ಇದಕ್ಕೆ ಪರಿಹಾರ. ಪಡೆದವರು ತಿದ್ದಬೇಕಾದ ಸಂದರ್ಭವಿದ್ದರೆ ಮ್ಯೂಸಿಕ್ ಎಕ್ಸ್‌ಎಮ್‌ಎಲ್ ರೂಪದಲ್ಲೂ ಒಂದು ಪ್ರತಿ ಕೊಡಿ, ಏಕೆಂದರೆ ಬೇರೆ ಬೇರೆ ಸ್ವರಲಿಪಿ ತಂತ್ರಾಂಶಗಳು ಅದನ್ನು ಓದಬಲ್ಲವು.

ಧ್ವನಿಮುದ್ರಣ

ಇಲ್ಲಿ ಗುರಿ ಸೊಗಸಿಗಿಂತ ಸ್ಪಷ್ಟತೆ. ಮೈಕನ್ನು ಗಿಟಾರ್ ಮುಖದ ದುಂಡು ರಂಧ್ರವಾದ ಸೌಂಡ್ ಹೋಲ್‌ನ ನೇರಕ್ಕೆ ಇಟ್ಟರೆ ಗಿಟಾರ್‌ನ ಹೊಟ್ಟೆಯೊಳಗಿನ ಗಾಳಿಯ ಅನುರಣನದಿಂದ ಮಂದ್ರ ಸ್ವರಗಳು ಗುಂಯ್‌ಗುಡುತ್ತವೆ, ಕಾರ್ಡ್‌ನ ಒಳಗಿನ ಸ್ವರಗಳು ಅದರಲ್ಲಿ ಮುಳುಗಿಹೋಗುತ್ತವೆ. ಹನ್ನೆರಡನೆಯ ಫ್ರೆಟ್‌ನ ಎದುರಿಗೆ, ಸುಮಾರು 20ರಿಂದ 30 ಸೆಂಟಿಮೀಟರ್ ದೂರದಲ್ಲಿಟ್ಟು, ಕುತ್ತಿಗೆ ಹೊಟ್ಟೆಗೆ ಕೂಡುವ ಜಾಗದತ್ತ ತಿರುಗಿಸಿದರೆ ತಂತಿಗಳ ಹೊಳಪೂ ಮರದ ತೂಕವೂ ಹದವಾಗಿ ಬರುತ್ತವೆ. ಒಂದೇ ಫೋನಿನಲ್ಲಿ ಹಾಡು ಮತ್ತು ಗಿಟಾರ್ ಎರಡನ್ನೂ ಮುದ್ರಿಸುವುದಾದರೆ ಅದನ್ನು ಬಾಯಿಗೂ ಗಿಟಾರ್‌ಗೂ ನಡುವಿನ ಎತ್ತರದಲ್ಲಿ, ತುಸು ಹೆಚ್ಚು ದೂರದಲ್ಲಿಡಿ. ಹಾಡುವ ಧ್ವನಿ ಹೆಚ್ಚಾಯಿತೆನಿಸಿದರೆ ಫೋನನ್ನು ಕೆಳಕ್ಕೆ ಸರಿಸಿದರಾಯಿತು. ಫ್ಯಾನ್, ಫ್ರಿಜ್‌ಗಳ ಸದ್ದು ಗಿಟಾರ್ ಮೌನವಾಗುವ ಜಾಗಗಳಲ್ಲಿ ಎದ್ದು ಕೇಳುತ್ತದೆ, ಆದ್ದರಿಂದ ಅಷ್ಟು ಹೊತ್ತು ಅವುಗಳನ್ನು ಆರಿಸಿ. ಹೊಸ ತಂತಿಗಳನ್ನು ಮುದ್ರಣದ ಹೊತ್ತಿಗೇ ಕಟ್ಟಿದರೆ ಅವು ಎಳೆದುಕೊಳ್ಳುತ್ತ ಶ್ರುತಿ ಬಿಡುತ್ತಲೇ ಇರುತ್ತವೆ. ಒಂದೆರಡು ದಿನ ಮುಂಚೆ ಕಟ್ಟಿ ನುಡಿಸಿ ಹದಕ್ಕೆ ತರಬೇಕು. ಕೇಪೋ ಹಾಕಿದ ಮೇಲೆ ತಂತಿಗಳು ಸ್ವಲ್ಪ ಏರುವುದರಿಂದ ಶ್ರುತಿಯನ್ನು ಇನ್ನೊಮ್ಮೆ ನೋಡಿಕೊಳ್ಳಿ.

ಕಂಪ್ಯೂಟರಿನಲ್ಲಿ ಮುದ್ರಿಸುವವರು 24 ಬಿಟ್ ಆಯ್ದುಕೊಂಡು, ಅತಿ ಜೋರಿನ ಜಾಗದಲ್ಲೂ ಮಟ್ಟ ಮೈನಸ್ 6 ಡೆಸಿಬೆಲ್ ದಾಟದಂತೆ ನೋಡಿಕೊಂಡರೆ ಸಾಕು. ಆಡಾಸಿಟಿಯಂಥ ಉಚಿತ ತಂತ್ರಾಂಶ ಈ ಕೆಲಸಕ್ಕೆ ಧಾರಾಳವಾಯಿತು.

ಇನ್ನೊಬ್ಬರು ತಮ್ಮ ಭಾಗವನ್ನು ಸೇರಿಸಬೇಕಾಗಿದ್ದರೆ ಮೂರು ಶಿಸ್ತುಗಳು ಬೇಕೇ ಬೇಕು. ಮೆಟ್ರೋನೋಮ್ ಕಿವಿಯಲ್ಲಿಟ್ಟುಕೊಂಡು ನುಡಿಸಿ, ಹಾಡಿಗೆ ಮುನ್ನ ಒಂದು ಆವರ್ತ ಎಣಿಕೆಯನ್ನು ಫೈಲಿನಲ್ಲೇ ಉಳಿಸಿ. ಗಿಟಾರ್ ಮತ್ತು ಧ್ವನಿಯನ್ನು ಬೇರೆ ಬೇರೆ ಫೈಲುಗಳಾಗಿ, ಎರಡೂ ಒಂದೇ ಕ್ಷಣದಿಂದ ಆರಂಭವಾಗುವಂತೆ ಕೊಡಿ. ಎಂಪಿ3 ಬದಲು, ಧ್ವನಿಯಲ್ಲಿ ಏನನ್ನೂ ಕಳೆಯದ ವೇವ್ ಅಥವಾ ಫ್ಲ್ಯಾಕ್ ರೂಪದಲ್ಲಿ ಕಳುಹಿಸಿ. ಎಂಪಿ3 ಮಾಡುವಾಗ ಫೈಲಿನ ಆರಂಭಕ್ಕೆ ಕಿರಿದೊಂದು ಮೌನ ಸೇರಿಕೊಳ್ಳುವುದರಿಂದ ಭಾಗಗಳನ್ನು ಮತ್ತೆ ಜೋಡಿಸುವಾಗ ತಾಳ ಸರಿಯುತ್ತದೆ. ಸಂದೇಶ ಕಳುಹಿಸುವ ಆ್ಯಪ್‌ಗಳಲ್ಲಿ ವಾಯ್ಸ್ ಮೆಸೇಜ್ ಆಗಿ ಕಳುಹಿಸಿದರೆ ಧ್ವನಿ ವಿಪರೀತ ಕುಗ್ಗುತ್ತದೆ, ಅಲ್ಲಿಯೂ ಡಾಕ್ಯುಮೆಂಟ್ ಆಗಿಯೇ ಕಳುಹಿಸುವುದು ಲೇಸು.

ಕಲಿಯುವವರಿಗಾಗಿ ಎರಡೂ ಕೈಗಳು ಕಾಣುವಂತೆ ತೆಗೆದ ಕಿರು ವಿಡಿಯೊ ಬಹಳ ಉಪಯೋಗಕ್ಕೆ ಬರುತ್ತದೆ. ಫೋನಿನ ಮುಂಬದಿಯ ಕ್ಯಾಮೆರಾ ಚಿತ್ರವನ್ನು ಕನ್ನಡಿಯಂತೆ ತಿರುಗಿಸಿ ಉಳಿಸಿದೆಯೇ ನೋಡಿ. ಹಾಗಾಗಿದ್ದರೆ ಬಲಗೈ ವಾದಕರಾದ ನೀವು ನೋಡುವವರಿಗೆ ಎಡಗೈ ವಾದಕರಾಗಿ ಕಾಣುತ್ತೀರಿ.

ಎದುರು ಕೂತು ಕಲಿಸುವಾಗ

ಮೊದಲು ಹಾಡನ್ನು ಯಾವ ವಿವರಣೆಯೂ ಇಲ್ಲದೆ, ನಿಜವಾದ ವೇಗದಲ್ಲಿ, ಪೂರ್ತಿಯಾಗಿ ಒಮ್ಮೆ ಹಾಡಿ ತೋರಿಸಿ. ಹಾಡಿನ ಹಿಂದಿನ ಕಥೆಯನ್ನು ಹಾಡಿಗಿಂತ ದೀರ್ಘವಾಗಿ ಹೇಳುವ ಆಸೆ ಎಲ್ಲ ಹಾಡುಗಾರರಿಗೂ ಇರುತ್ತದೆ. ಅದನ್ನು ತಡೆದುಕೊಂಡಷ್ಟೂ ಒಳ್ಳೆಯದು. ಎರಡನೆಯ ಸುತ್ತಿಗೆ ವೇಗವನ್ನು 92ರಿಂದ 70ರ ಆಸುಪಾಸಿಗೆ ಇಳಿಸಿ, ಕಾರ್ಡ್ ಬದಲಾಗುವ ಒಂದೆರಡು ಪೆಟ್ಟು ಮುಂಚೆ ಅದರ ಹೆಸರನ್ನು ಕೂಗಿ ಹೇಳಿ. ಬದಲಾದ ಮೇಲೆ ಹೇಳಿದರೆ ಪ್ರಯೋಜನವಿಲ್ಲ. ನಿಮ್ಮ ಎಡಗೈ ಎಲ್ಲರಿಗೂ ಕಾಣುವಂತೆ ಕೂರಿ, ಏಕೆಂದರೆ ಅನುಭವವಿರುವ ವಾದಕರು ಹಾಳೆಗಿಂತ ಕೈಯನ್ನೇ ನೋಡುತ್ತಾರೆ.

ನಾಲ್ಕು ಜನ ಒಂದೇ ಆಕಾರದ ಕಾರ್ಡ್‌ಗಳನ್ನು ಒಂದೇ ರೀತಿ ಬಡಿಯತೊಡಗಿದರೆ ಸದ್ದು ಹೆಚ್ಚುತ್ತದೆಯೇ ಹೊರತು ಹಾಡು ಬೆಳೆಯುವುದಿಲ್ಲ. ಇದಕ್ಕೆ ಕೇಪೋ ಒಳ್ಳೆಯ ಮದ್ದು. ಹಾಡು ಜಿ ಶ್ರುತಿಯಲ್ಲಿದೆ ಎಂದಿಟ್ಟುಕೊಳ್ಳಿ. ಒಬ್ಬರು ಕೇಪೋ ಇಲ್ಲದೆ ಜಿ, ಇ ಮೈನರ್, ಸಿ, ಡಿ ನುಡಿಸಲಿ. ಎರಡನೆಯವರು ಐದನೆಯ ಫ್ರೆಟ್‌ನಲ್ಲಿ ಕೇಪೋ ಹಾಕಿ ಡಿ, ಬಿ ಮೈನರ್, ಜಿ, ಎ ಆಕಾರಗಳನ್ನು ಹಿಡಿಯಲಿ. ಮೂರನೆಯವರು ಏಳನೆಯ ಫ್ರೆಟ್‌ನಲ್ಲಿ ಕೇಪೋ ಹಾಕಿ ಸಿ, ಎ ಮೈನರ್, ಎಫ್, ಜಿ ಆಕಾರಗಳನ್ನು ಹಿಡಿದು ಬೆರಳಿನಿಂದ ಮೀಟಲಿ. ಮೂವರೂ ನುಡಿಸುತ್ತಿರುವುದು ಅದೇ ಕಾರ್ಡ್‌ಗಳನ್ನೇ, ಆದರೆ ಸ್ವರಗಳು ಬೇರೆ ಬೇರೆ ಎತ್ತರಗಳಲ್ಲಿ ಹರಡಿಕೊಳ್ಳುವುದರಿಂದ ಪ್ರತಿಯೊಂದು ಗಿಟಾರ್‌ಗೂ ತನ್ನದೇ ಜಾಗ ಸಿಗುತ್ತದೆ, ಹಾಡುವ ಧ್ವನಿಗೂ ನಡುವೆ ತೆರವು ಉಳಿಯುತ್ತದೆ. ಈ ಮೂರೂ ಸಾಲುಗಳನ್ನು ಹಾಳೆಯ ಬುಡದಲ್ಲಿ ಮೊದಲೇ ಬರೆದುಕೊಂಡು ಹೋದರೆ ಸ್ಥಳದಲ್ಲಿ ಲೆಕ್ಕ ಹಾಕುವ ತಾಪತ್ರಯ ಇರುವುದಿಲ್ಲ.

ವಿಡಿಯೊ ಕರೆಯಲ್ಲಿ ಎಲ್ಲರೂ ಒಟ್ಟಿಗೆ ನುಡಿಸುವ ಪ್ರಯತ್ನ ಬೇಡ. ಗಾಳಿಯಲ್ಲಿ ಸದ್ದು ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡ್ ಸಾಕು, ಹಾಗಾಗಿ ಒಂದೇ ಕೋಣೆಯಲ್ಲಿ ಕೂತವರಿಗೆ ವಿಳಂಬ ಗೊತ್ತಾಗುವುದಿಲ್ಲ. 30 ಮಿಲಿಸೆಕೆಂಡ್ ಮೀರಿದರೆ ಜೊತೆಯಾಗಿ ತಾಳ ಹಿಡಿಯುವುದು ಕಷ್ಟವಾಗತೊಡಗುತ್ತದೆ, ಸಾಮಾನ್ಯ ವಿಡಿಯೊ ಕರೆಯ ವಿಳಂಬ ಅದಕ್ಕಿಂತಲೂ ಬಹಳ ಹೆಚ್ಚು. ನೀವು ನುಡಿಸುವಾಗ ಉಳಿದವರು ಮೈಕ್ ಮುಚ್ಚಿಕೊಂಡು ತಮ್ಮಷ್ಟಕ್ಕೆ ನುಡಿಸಲಿ. ಗದ್ದಲ ತಗ್ಗಿಸುವ ವ್ಯವಸ್ಥೆಯನ್ನೂ ಆರಿಸಿಡಿ. ಅದು ಮಾತಿಗಾಗಿ ಮಾಡಿದ್ದು, ತಂತಿಯ ದೀರ್ಘ ನಾದವನ್ನು ಗದ್ದಲವೆಂದೇ ತಿಳಿದು ಕತ್ತರಿಸುತ್ತದೆ.

ಹಕ್ಕು ಮತ್ತು ಅನುಮತಿ

1886ರ ಬರ್ನ್ ಒಪ್ಪಂದಕ್ಕೆ ಸೇರಿದ 180ಕ್ಕೂ ಹೆಚ್ಚು ದೇಶಗಳಲ್ಲಿ ಕೃತಿಸ್ವಾಮ್ಯಕ್ಕೆ ನೋಂದಣಿಯ ಷರತ್ತಿಲ್ಲ. ಹಾಡನ್ನು ಬರೆದಿಟ್ಟಾಗ ಅಥವಾ ಮುದ್ರಿಸಿದಾಗಲೇ ಹಕ್ಕು ನಿಮ್ಮದಾಗಿರುತ್ತದೆ. ಹಾಡಿನ ರಚನೆಯ ಹಕ್ಕು ಬೇರೆ, ಧ್ವನಿಮುದ್ರಿಕೆಯ ಹಕ್ಕು ಬೇರೆ ಎಂಬುದು ನೆನಪಿರಲಿ. ದಿನಾಂಕವಿರುವ ಕರಡುಗಳನ್ನೂ ಮೊದಲ ಮುದ್ರಣಗಳನ್ನೂ ಅಳಿಸದೆ ಇಟ್ಟುಕೊಳ್ಳಿ. ಇತರರು ಏನು ಮಾಡಬಹುದು ಎಂಬುದನ್ನು ಹಾಳೆಯ ಮೇಲೆಯೇ ಬರೆಯುವುದು ಉತ್ತಮ: ಹಾಡಬಹುದೇ, ಮುದ್ರಿಸಿ ಪ್ರಕಟಿಸಬಹುದೇ, ಬದಲಿಸಬಹುದೇ?

ಸಿದ್ಧ ಅನುಮತಿ ಬೇಕಿದ್ದರೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳಿವೆ. ಅವುಗಳಲ್ಲಿ ಮಾರ್ಪಾಡನ್ನು ನಿಷೇಧಿಸುವ ಬಗೆಯನ್ನು ಆಯ್ದುಕೊಂಡರೆ, ಹಾಡನ್ನು ತಮ್ಮ ರೀತಿಯಲ್ಲಿ ಹೊಂದಿಸಿ ಪ್ರಕಟಿಸಲು ವಾದಕ ಗೆಳೆಯರಿಗೆ ಅವಕಾಶವಿರುವುದಿಲ್ಲ, ಅಂದರೆ ಹಂಚಿಕೊಂಡ ಉದ್ದೇಶವೇ ಕೈತಪ್ಪುತ್ತದೆ. ಇನ್ನೊಂದು ಮುಖ್ಯ ವಿಷಯವೆಂದರೆ ಒಮ್ಮೆ ಕೊಟ್ಟ ಪರವಾನಗಿಯನ್ನು, ಅದರಡಿಯಲ್ಲಿ ಈಗಾಗಲೇ ಹಾಡನ್ನು ಪಡೆದವರಿಂದ ಹಿಂಪಡೆಯಲಾಗದು. ರಾಯಧನ ಸಂಗ್ರಹಿಸುವ ಸಂಘದ ಸದಸ್ಯರಾಗಿದ್ದರೆ ಇಂಥ ಪರವಾನಗಿ ಕೊಡುವ ಸ್ವಾತಂತ್ರ್ಯ ನಿಮಗಿದೆಯೇ ಎಂದು ಅದರ ನಿಯಮಗಳನ್ನು ನೋಡಿಕೊಳ್ಳಬೇಕು. ಯಾರಾದರೂ ಹೊಸ ಚರಣವನ್ನೋ ಹಾಡಿನ ಗುರುತೇ ಆಗಿಬಿಡುವಂಥ ಗಿಟಾರ್ ತುಣುಕನ್ನೋ ಸೇರಿಸಿದರೆ, ಅವರು ಸಹ-ರಚನಕಾರರೇ ಅಥವಾ ಜೊತೆ ವಾದಕರೇ ಎಂಬುದನ್ನು ಆಗಲೇ ಮಾತಾಡಿ ಬರಹದಲ್ಲಿ ಇಡಿ. ಗೆಳೆತನ ಚೆನ್ನಾಗಿರುವಾಗಲೇ ಈ ಮಾತು ಸುಲಭ.

ಅಭಿಪ್ರಾಯ ಕೇಳುವುದು

"ಹೇಗಿದೆ?" ಎಂದು ಕೇಳಿದರೆ "ಚೆನ್ನಾಗಿದೆ" ಎಂಬ ಉತ್ತರವೇ ಬರುತ್ತದೆ. ಎರಡನೆಯ ಚರಣ ಎಳೆದಂತಾಯಿತೇ, ಪಲ್ಲವಿ ತಡವಾಗಿ ಬಂತೇ, ಯಾವ ಸಾಲು ಕಿವಿಗೆ ಸರಿಯಾಗಿ ಕೇಳಿಸಲಿಲ್ಲ, ಹಾಳೆ ನೋಡಿ ನುಡಿಸುವಾಗ ಎಲ್ಲಿ ದಾರಿ ತಪ್ಪಿತು ಎಂದು ಕೇಳಿದರೆ ಮಾತ್ರ ತಿದ್ದಲು ಬರುವಂಥ ಉತ್ತರ ಸಿಗುತ್ತದೆ. ವಾದಕರ ಅಭಿಪ್ರಾಯಕ್ಕೆ ಒಂದು ವಾಲು ಇರುತ್ತದೆ ಎಂಬುದನ್ನೂ ಗಮನಿಸಬೇಕು: ಅವರು ಮೊದಲು ಗಿಟಾರನ್ನು ಕೇಳುತ್ತಾರೆ, ಆಮೇಲೆ ಮಾತನ್ನು. ಇಲ್ಲೊಂದು ಸೆವೆಂತ್ ಕಾರ್ಡ್ ಹಾಕಿ, ಅಲ್ಲೊಂದು ಮಂದ್ರದ ನಡಿಗೆ ಸೇರಿಸಿ ಎಂಬ ಸಲಹೆಗಳು ಧಾರಾಳವಾಗಿ ಬರುತ್ತವೆ, ಅವು ಕೈಗೆ ಹಿತವೂ ಹೌದು. ಹಾಡಿಗೆ ಹಿತವೇ ಎಂಬುದನ್ನು ಸಾಹಿತ್ಯದೊಂದಿಗೆ ಹಾಡಿ ನೋಡಿಯೇ ನಿರ್ಧರಿಸಬೇಕು. ಒಬ್ಬರು ಹೇಳಿದ್ದನ್ನು ಟಿಪ್ಪಣಿ ಮಾಡಿಟ್ಟುಕೊಳ್ಳಿ. ಒಬ್ಬರಿಗೊಬ್ಬರು ಸಂಪರ್ಕವಿಲ್ಲದ ಇಬ್ಬರು ಮೂವರು ಒಂದೇ ಜಾಗದಲ್ಲಿ ಎಡವಿದ್ದರೆ ಅಲ್ಲಿ ಏನೋ ತೊಡಕಿದೆ, ಅದು ಹಾಡಿನದ್ದಾಗಿರಬಹುದು, ಹಾಳೆಯದ್ದೂ ಆಗಿರಬಹುದು.

ತಿದ್ದಿದ ಮೇಲೆ ಹಾಳೆಗೆ ಹೊಸ ದಿನಾಂಕ ಹಾಕಿ, ಏನು ಬದಲಾಗಿದೆ ಎಂಬುದನ್ನು ಒಂದು ಸಾಲಿನಲ್ಲಿ ಮೇಲೆ ಬರೆದು, ಹಿಂದೆ ಪಡೆದವರಿಗೆಲ್ಲ ಮತ್ತೆ ಕಳುಹಿಸಿ. ಹಳೆಯ ಪ್ರತಿ ಕೆಲವರ ಬಳಿ ಉಳಿದೇ ಉಳಿಯುತ್ತದೆ, ಮತ್ತು ಮುಂದಿನ ಸಲ ಕೂಡಿದಾಗ ಒಬ್ಬರು ಹಳೆಯ ಕಾರ್ಡ್ ಹಿಡಿದು ಇನ್ನೊಬ್ಬರು ಹೊಸದನ್ನು ಹಿಡಿಯುತ್ತಾರೆ; ಆದ್ದರಿಂದ ನುಡಿಸಲು ಆರಂಭಿಸುವ ಮೊದಲು ಎಲ್ಲರ ಹಾಳೆಯ ದಿನಾಂಕವನ್ನು ಒಮ್ಮೆ ನೋಡಿಬಿಡಿ.